ಕಂತ್ರಾಟುದಾರನೋ ಕೂಲಿಗಾರನೋ? ರುಜು ಹಾಕುವ ಮುನ್ನ ಯೋಚಿಸಿ

ಬೈಲಕುಪ್ಪೆಯ ಪಕ್ಕದ ಕೊಪ್ಪದಲ್ಲಿ ನಮಗೆ ಬೇಕಾದ ಗಾರೆ ಕೆಲಸದವರೊಬ್ಬರಿದ್ದಾರೆ. ಹದಿನೈದು ವರ್ಷ ಮೇಸ್ತ್ರಿಯ ಕೈಕೆಳಗೆ ದಿನಗೂಲಿ ಮಾಡಿ, ಈಚೆಗೆ ತಾವೇ ನಾಲ್ಕು ಆಳು ಕಟ್ಟಿಕೊಂಡು ಹೊಗೆಸೊಪ್ಪಿನ ಬ್ಯಾರನ್ನು, ಗೋದಾಮು, ಮನೆ ಕಟ್ಟುವ ಕೆಲಸ ಹಿಡಿಯುತ್ತಿದ್ದಾರೆ. ಒಂದು ಕಂಪೆನಿಯ ಗೋದಾಮಿನ ಕೆಲಸ ಮುಗಿಸಿ ಮೊದಲನೆಯ ಬಿಲ್ಲಿನ ಹಣ ಬಂದಾಗ ಒಂದು ಲಕ್ಷಕ್ಕೆ ಒಂದು ಸಾವಿರ ಕಡಿಮೆಯಿತ್ತು. ನಮ್ಮ ಬಳಿಗೆ ಬಂದು ಅವರು ಕೇಳಿದ್ದು ಒಂದೇ ಮಾತು: "ಮೇಷ್ಟ್ರೇ, ನನ್ನ ದುಡ್ಡು ಯಾರು ತಿಂದರು?"

ಯಾರೂ ತಿಂದಿರಲಿಲ್ಲ. ಕಂಪೆನಿಯು ಕಾನೂನಿನಂತೆ ನೂರಕ್ಕೆ ಒಂದು ರೂಪಾಯಿ ಹಿಡಿದು, ಇವರ ಪ್ಯಾನ್ ನಂಬರಿನ ಹೆಸರಿಗೆ ಖಜಾನೆಗೆ ಕಟ್ಟಿತ್ತು. ಒಂದು ಬಿಲ್ಲು 30,000 ರೂಪಾಯಿ ದಾಟಿದರೆ, ಅಥವಾ ಒಬ್ಬರೇ ಕೊಟ್ಟ ಹಣ ವರ್ಷಕ್ಕೆ 1 ಲಕ್ಷ ದಾಟಿದರೆ, ಒಂಟಿ ಕಂತ್ರಾಟುದಾರನಿಗೆ ಹೀಗೆ ಹಿಡಿಯುತ್ತಾರೆ. ಪ್ಯಾನ್ ಕೊಡದವನಿಗೆ ನೂರಕ್ಕೆ ಇಪ್ಪತ್ತು ಹಿಡಿಯುತ್ತಾರೆ. ಈ ಹಣ ಮುಂಗಡ ತೆರಿಗೆಯೇ ಹೊರತು ದಂಡವಲ್ಲ. ಆದರೆ ಆದಾಯ ತೆರಿಗೆಯ ರಿಟರ್ನು ಸಲ್ಲಿಸಿ ಕೇಳಿದವನಿಗೆ ಮಾತ್ರ ಅದು ಹಿಂದಕ್ಕೆ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 15 ಲಕ್ಷದ ಕೆಲಸ ಮಾಡಿದವನಿಗೆ ಹಿಡಿದದ್ದು 15,000 ರೂಪಾಯಿ. ಸಣ್ಣವರಿಗೆಂದೇ ಕಾನೂನಿನಲ್ಲಿ ಅಂದಾಜು ಲಾಭದ ಪದ್ಧತಿಯೊಂದಿದೆ. ಬ್ಯಾಂಕಿನ ಮೂಲಕ ಬಂದ ಹಣಕ್ಕೆ ನೂರಕ್ಕೆ 6, ನಗದಿಗೆ ನೂರಕ್ಕೆ 8ರಷ್ಟಾದರೂ ಲಾಭವೆಂದು ತೋರಿಸಬೇಕು. ಇನ್ನೂ ಹೆಚ್ಚು ಬಂದಿದ್ದರೆ ಹೆಚ್ಚನ್ನೇ ತೋರಿಸಬೇಕು. ದಪ್ಪ ದಪ್ಪ ಲೆಕ್ಕದ ಪುಸ್ತಕ ಇಡಬೇಕಾಗಿಲ್ಲ. 15 ಲಕ್ಷವೂ ಬ್ಯಾಂಕಿನಿಂದ ಬಂದಿದ್ದರೆ ಕನಿಷ್ಠ ಲಾಭ 90,000. ನಿಜವಾದ ಲಾಭ ಮೂರು ಲಕ್ಷವೇ ಇರಲಿ. 2025ರ ಬಜೆಟ್ಟಿನ ತರುವಾಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಅಂದರೆ ಹಿಡಿದ 15,000ವೂ ಅವನದೇ. ರಿಟರ್ನು ಸಲ್ಲಿಸದ ತಪ್ಪಿಗೆ ಎಷ್ಟು ಮಂದಿ ಮೇಸ್ತ್ರಿಗಳು ಮಕ್ಕಳ ಶಾಲೆಯ ಫೀಜಿನಷ್ಟು ಹಣವನ್ನು ಪ್ರತಿವರ್ಷ ಖಜಾನೆಯಲ್ಲೇ ಬಿಟ್ಟು ಬರುತ್ತಿದ್ದಾರೋ!

ಎರಡನೆಯದು ಜಿಎಸ್‌ಟಿ. ಇಲ್ಲಿ ಎಡವುವವರೇ ಹೆಚ್ಚು. ಬರೀ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ. ಅಂಗಡಿಯವರು ಹೇಳಿದ ಈ ಮಾತನ್ನು ಕೇಳಿ ಕಂತ್ರಾಟುದಾರರೂ ತಮಗೆ 40 ಲಕ್ಷವೆಂದೇ ತಿಳಿದಿದ್ದಾರೆ. ಹಾಗಲ್ಲ. ಸಿಮೆಂಟು, ಇಟ್ಟಿಗೆ ತಾನೇ ತಂದು ಕಟ್ಟಡ ಕಟ್ಟಿಕೊಟ್ಟರೂ ಕಾನೂನು ಅದನ್ನು ಸೇವೆ ಎನ್ನುತ್ತದೆ. ಸೇವೆಗೆ ಮಿತಿ 20 ಲಕ್ಷ. ಆ ಗೆರೆ ದಾಟುವ ಸೂಚನೆ ಕಂಡ ಕೂಡಲೇ ದರ ಒಪ್ಪುವಾಗ "ತೆರಿಗೆ ಬೇರೆ" ಎಂದು ಬರೆಸಿಕೊಳ್ಳಬೇಕು. ತೆರಿಗೆ ಸೇರಿಯೇ ಒಂದು ಲಕ್ಷವೆಂದು ಒಪ್ಪಿದರೆ, ನೂರಕ್ಕೆ 18ರ ದರದಲ್ಲಿ 15,254 ರೂಪಾಯಿ ತೆರಿಗೆಗೆ ಹೋಗುತ್ತದೆ. ಆಳುಗಳ ಕೂಲಿ ಕೊಟ್ಟ ಮೇಲೆ ಮೇಸ್ತ್ರಿಗೆ ಉಳಿಯುವ ಲಾಭವೇ ಅಷ್ಟಿರುವುದಿಲ್ಲ.

ಗಾರೆಯವರ ಮಾತು ಇಷ್ಟಾಯಿತು. ಅದೇ ವಾರ ಇನ್ನೊಬ್ಬರು ಬಂದರು. ಇವರು ಕಾರ್ಖಾನೆಯೊಂದರಲ್ಲಿ ಮೂಟೆ ಹೊರುವವರು. ಅದೇ ಗೇಟು, ಅದೇ ಪಾಳಿ, ಅದೇ ಮೇಲ್ವಿಚಾರಕ. ಆದರೆ ಮಾಲೀಕರ ಗುಮಾಸ್ತರು ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡ ದಿನದಿಂದ ಸಂಬಳದ ಚೀಟಿ ನಿಂತಿತು, ಪ್ರಾವಿಡೆಂಟ್ ಫಂಡು ನಿಂತಿತು, ಇಎಸ್‌ಐ ನಿಂತಿತು. ನೂರಕ್ಕೆ ಒಂದು ಹಿಡಿಯುವುದು ಮಾತ್ರ ಶುರುವಾಯಿತು. "ನಾನೀಗ ಕಂಟ್ರಾಕ್ಟರಂತೆ ಸಾರ್" ಎಂದು ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ.

ಗಾರೆಯವರು ತಮ್ಮ ದರ ತಾವೇ ಹೇಳುತ್ತಾರೆ, ಆಳು ತಾವೇ ಹುಡುಕುತ್ತಾರೆ, ನಾಲ್ಕು ಕಡೆ ಕೆಲಸ ಹಿಡಿಯುತ್ತಾರೆ, ಲಾಭ ನಷ್ಟ ಎರಡೂ ಅವರದೇ. ಅವರು ಕಂತ್ರಾಟುದಾರರೇ ಸರಿ. ಮೂಟೆ ಹೊರುವವರಿಗೆ ಇವುಗಳಲ್ಲಿ ಒಂದೂ ಇಲ್ಲ. ಕಾಗದದ ಮೇಲೆ ಹೆಸರು ಬದಲಾದ ಮಾತ್ರಕ್ಕೆ ಕೂಲಿಗಾರ ವ್ಯಾಪಾರಿಯಾಗುವುದಿಲ್ಲ.

ಇದು ನಮ್ಮ ಪಕ್ಷದ ಮಾತು ಮಾತ್ರವಲ್ಲ, ನ್ಯಾಯಾಲಯದ ಮಾತೂ ಹೌದು. ಧ್ರಾಂಗಧ್ರಾ ಉಪ್ಪಿನ ಕಾರ್ಖಾನೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1956ರಷ್ಟು ಹಿಂದೆಯೇ, ತೂಕದ ಲೆಕ್ಕದಲ್ಲಿ ಹಣ ಪಡೆಯುತ್ತ, ಸಹಾಯಕರನ್ನು ತಾವೇ ಕರೆತರುತ್ತಿದ್ದ ಉಪ್ಪಿನ ಕೆಲಸದವರನ್ನೂ ಕಾರ್ಮಿಕರೆಂದೇ ಎಣಿಸಿತು. ಕೆಲಸದ ಮೇಲಿನ ಹತೋಟಿ ಕಂಪೆನಿಯದಾಗಿದ್ದುದೇ ಕಾರಣ. 1978ರಲ್ಲಿ ಕೇರಳದ ಹಗ್ಗದ ಕಾರ್ಖಾನೆಯ ಹುಸೇನ್‌ಭಾಯಿ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ನಡುವೆ ಕಂತ್ರಾಟುದಾರರನ್ನು ನಿಲ್ಲಿಸಿದರೂ ಪರದೆ ಸರಿಸಿ ನಿಜವಾದ ಮಾಲೀಕನಾರೆಂದು ನೋಡಬೇಕೆಂದರು. 2001ರ ಉಕ್ಕು ಪ್ರಾಧಿಕಾರದ ತೀರ್ಪು ಕಾರ್ಮಿಕರ ದಾರಿಯನ್ನು ಬಿಗಿ ಮಾಡಿತೆಂಬುದನ್ನು ಮುಚ್ಚಿಡುವುದಿಲ್ಲ. ಕಂತ್ರಾಟು ನಿಷೇಧವಾದರೂ ಕೆಲಸ ತಾನಾಗಿ ಖಾಯಂ ಆಗದೆಂದು ಅದು ಹೇಳಿತು. ಆದರೂ ಕಂತ್ರಾಟು ಬರೀ ವೇಷವೆಂದು ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ಸಾಬೀತು ಮಾಡುವ ಬಾಗಿಲನ್ನು ತೆರೆದೇ ಇಟ್ಟಿತು. ಸಾಬೀತಿಗೆ ಬೇಕಾದುದು ಹಾಜರಿ, ಗೇಟ್ ಪಾಸು, ಹಳೆಯ ಸಂಬಳದ ಚೀಟಿ. ಅವನ್ನು ಒಲೆಗೆ ಹಾಕಬೇಡಿ.

ಆದ್ದರಿಂದ ಹೊಸ ಕಂತ್ರಾಟುದಾರನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ "ಯಾವ ಆಡಿಟರು?" ಎಂಬುದಲ್ಲ, "ನಾನು ಯಾರು?" ಎಂಬುದು. ಆಡಿಟರ ಮಾತು ಆಮೇಲಿನದು.

ನಮ್ಮ ಊರುಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತವರೆಲ್ಲ ಆಡಿಟರೇ. 1949ರ ಕಾನೂನಿನಂತೆ ಸಂಸ್ಥೆಯ ಸದಸ್ಯತ್ವ ಪಡೆದವರು ಮಾತ್ರ ಚಾರ್ಟರ್ಡ್ ಅಕೌಂಟೆಂಟರು. ಅವರಿಗೆ ಸದಸ್ಯತ್ವದ ಸಂಖ್ಯೆಯಿರುತ್ತದೆ, ಅವರು ಕೊಡುವ ಪ್ರಮಾಣಪತ್ರದ ಮೇಲೆ ತಾಳೆ ನೋಡಬಹುದಾದ 18 ಅಂಕಿಯ ಗುರುತು ಇರುತ್ತದೆ. ಜಿಎಸ್‌ಟಿ ಪ್ರಾಕ್ಟೀಷನರು ಇಲಾಖೆಯಲ್ಲಿ ಹೆಸರು ದಾಖಲಿಸಿದವರು. ಉಳಿದವರು ಬೆರಳಚ್ಚಿನವರು. ಸಣ್ಣ ಕಂತ್ರಾಟುದಾರನಿಗೆ ಚಾರ್ಟರ್ಡ್ ಅಕೌಂಟೆಂಟರೇ ಬೇಕೆಂದಿಲ್ಲ. ಅನುಭವವಿರುವ ಪ್ರಾಕ್ಟೀಷನರು ಸಾಕು. ಆದರೆ ಯಾರನ್ನು ಹಿಡಿದರೂ ಈ ನಾಲ್ಕು ಮಾತು ಬಿಡಬಾರದು. ನೋಂದಣಿಯಲ್ಲಿ ಮೊಬೈಲ್ ನಂಬರು ನಿಮ್ಮದೇ ಇರಲಿ, ಅವರದಲ್ಲ. ಫೀಜು ಇಷ್ಟೆಂದು ಮೊದಲೇ ಬರೆಸಿಕೊಳ್ಳಿ. ವಾಪಸು ಬರುವ ಹಣದಲ್ಲಿ ಪಾಲು ಕೇಳುವವರನ್ನು ದೂರವಿಡಿ. ಪ್ರತಿ ರಿಟರ್ನಿನ ಪ್ರತಿಯನ್ನೂ ರಸೀದಿಯನ್ನೂ ಮನೆಗೆ ತನ್ನಿ. ನಿಮಗೆ ಕೆಲಸ ಕೊಡುವ ಮಾಲೀಕರ ಲೆಕ್ಕ ಬರೆಯುವವರಿಂದಲೇ ನಿಮ್ಮ ಲೆಕ್ಕ ಬರೆಸಬೇಡಿ. ಜಗಳ ಬಂದ ದಿನ ಅವರು ಯಾರ ಕಡೆ ನಿಲ್ಲುತ್ತಾರೆಂಬುದನ್ನು ಹೇಳಬೇಕಾಗಿಲ್ಲ.

ಏಕೆಂದರೆ ರಿಟರ್ನು ತಪ್ಪಾದರೆ ಹೊಣೆ ಬರೆದವನದಲ್ಲ, ನೋಂದಣಿ ಮಾಡಿಸಿದವನದು. ಕಾನೂನು ಇದನ್ನು ಸ್ಪಷ್ಟವಾಗಿ ಹೇಳಿದೆ. ವ್ಯಾಪಾರವೇ ಇಲ್ಲದ ಶೂನ್ಯ ರಿಟರ್ನು ತಡವಾದರೂ ದಿನಕ್ಕೆ 20 ರೂಪಾಯಿ, ಉಳಿದದ್ದಕ್ಕೆ 50 ರೂಪಾಯಿ ಬೀಳುತ್ತದೆ. ಯಾರೋ ಹೇಳಿದರೆಂದು ನೋಂದಣಿ ಮಾಡಿಸಿ ಮರೆತವರಿಗೆ ಇದೇ ಸಾಲವಾಗುತ್ತದೆ.

ಲೆಕ್ಕವೇ ಬೇಡ, ನಗದು ತೆಗೆದುಕೊಂಡು ಸುಮ್ಮನಿರೋಣ ಎನ್ನುವವರೂ ಇದ್ದಾರೆ. 2025ರ ಜುಲೈ ತಿಂಗಳನ್ನು ಅವರು ನೆನೆಯಲಿ. ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಣ್ಣ ಅಂಗಡಿಯವರಿಗೆ ನೋಟೀಸು ಕಳಿಸಿತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರೂ ಅದರಲ್ಲಿ ಸಿಕ್ಕಿಬಿದ್ದರು. ಬೇಕರಿಯವರೂ ಬೀದಿಬದಿಯವರೂ ಒಟ್ಟಾಗಿ ದನಿಯೆತ್ತಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರನ್ನು ಕರೆಸಿ ಮಾತನಾಡಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದರು. ಒಗ್ಗಟ್ಟಿಗೆ ಬೆಲೆಯಿದೆಯೆಂದು ಅಂದು ಕಂಡಿತು. ಬಿಲ್ಲು ಇಟ್ಟಿದ್ದವನು ಅಂದು ರಾತ್ರಿ ನಿದ್ದೆ ಮಾಡಿದನೆಂಬುದೂ ಅಷ್ಟೇ ನಿಜ. ಲೆಕ್ಕವಿಲ್ಲದ ನಗದಿನಿಂದ ದೊಡ್ಡವರಿಗೆ ಲಾಭ. ಸಣ್ಣವರ ಕೈಯಲ್ಲಿ ಉಳಿಯುವುದು ಪುರಾವೆಯಿಲ್ಲದ ಬಾಯಿಮಾತು.

ನಮ್ಮ ಸಲಹೆ ಇಷ್ಟೇ. ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಕಾರ್ಮಿಕ ಸಂಘವೂ ವರ್ತಕರ ಸಂಘವೂ ಕೂಡಿ, ತಿಂಗಳ ಚಂದಾ ಹಾಕಿ, ಊರಿಗೊಬ್ಬ ಅರ್ಹ ಲೆಕ್ಕಿಗರನ್ನು ಸಂತೆಯ ದಿನ ಕೂರಿಸಬೇಕು. ಇಪ್ಪತ್ತು ಮಂದಿ ಕೂಡಿದರೆ ಒಬ್ಬರ ಮೇಲೆ ಬೀಳುವ ಭಾರ ಹೆಚ್ಚಲ್ಲ. ಇಲಾಖೆಯು ನೋಟೀಸನ್ನು ಓದಿದವನಿಗೆ ಅರ್ಥವಾಗುವ ಕನ್ನಡದಲ್ಲಿ ಕಳಿಸಬೇಕು. ಕಾರ್ಮಿಕರನ್ನು ಕಾಗದದ ಮೇಲೆ ಕಂತ್ರಾಟುದಾರರನ್ನಾಗಿ ಮಾಡಿದ ಕಡೆಗಳಲ್ಲಿ ಕಾರ್ಮಿಕ ಇಲಾಖೆ ತಾನಾಗಿ ತಪಾಸಣೆ ನಡೆಸಬೇಕು.

ಗಾರೆಯವರು ಪ್ಯಾನ್, ಬ್ಯಾಂಕಿನ ಪುಸ್ತಕ, ಬಿಲ್ಲುಗಳ ಕಟ್ಟು ಹಿಡಿದು ಪ್ರಾಕ್ಟೀಷನರ ಬಳಿಗೆ ಹೋಗಿದ್ದಾರೆ. ಮೂಟೆ ಹೊರುವವರು ಹಳೆಯ ಸಂಬಳದ ಚೀಟಿಗಳನ್ನು ಹುಡುಕುತ್ತಿದ್ದಾರೆ. ಅವರ ಜೊತೆ ಅದೇ ಕಾಗದಕ್ಕೆ ರುಜು ಹಾಕಿದವರು ಇನ್ನೂ ಇದ್ದಾರೆ. ಅವರೂ ಬರಲಿ. ಒಬ್ಬೊಬ್ಬರಾಗಿ ಬಂದರೆ ಅರ್ಜಿ ಬರೆಯಬಹುದು, ಒಟ್ಟಾಗಿ ಬಂದರೆ ಮೊಕದ್ದಮೆ ನಡೆಸಬಹುದು.