ಸಿ ವಿಟಮಿನ್ ಸೀಸೆಯೂ ಬಿಳುಪಿನ ಆಸೆಯೂ

ದಾದರಿನ ಔಷಧಿ ಅಂಗಡಿಯಾಗಲಿ, ಕರೋಲ್ ಬಾಗಿನದಾಗಲಿ, ಇಂದು ಗಾಜಿನ ಕಪಾಟಿನ ಮುಂದಿನ ಸಾಲಿನಲ್ಲಿ ಕಾಣುವುದು ಕಿತ್ತಳೆಹಣ್ಣಿನ ಚಿತ್ರ ಹೊತ್ತ ಪುಟ್ಟ ಸೀಸೆಗಳು. ವಿಟಮಿನ್ ಸಿ ಸೀರಮ್ ಎಂಬ ಈ ದ್ರವದ 30 ಮಿಲಿಲೀಟರಿಗೆ ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರದವರೆಗೆ ಬೆಲೆಯಿದೆ. ಕಚೇರಿಯಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಗಳು ಶೇಕಡಾ 10 ಒಳ್ಳೆಯದೋ 20 ಒಳ್ಳೆಯದೋ ಎಂದು ಚರ್ಚಿಸುತ್ತಾರೆ. ಹಿಂದೆ ತುಟ್ಟಿಭತ್ಯೆಯ ಶೇಕಡಾವಾರಿಗೆ ಮೀಸಲಾಗಿದ್ದ ಉತ್ಸಾಹ ಈಗ ಇತ್ತ ಹರಿದಿದೆ. ಸೀಸೆಯೊಳಗಿನ ಪದಾರ್ಥದ ಬಗ್ಗೆ ನನಗೆ ತಕರಾರಿಲ್ಲ. ಅದರ ಹೆಸರಿನಲ್ಲಿ ಮಾರಲಾಗುತ್ತಿರುವ ಆಸೆಯ ಬಗ್ಗೆ ಇದೆ. ಕೊಳ್ಳುವವರು ಇವೆರಡನ್ನೂ ಬೇರ್ಪಡಿಸಿ ನೋಡಬೇಕೆಂಬುದು ನನ್ನ ವಾದ.

ಪದಾರ್ಥದ ಹಿರಿಮೆ ಸಣ್ಣದಲ್ಲ. 1747ರಲ್ಲಿ ಬ್ರಿಟಿಷ್ ನೌಕಾವೈದ್ಯ ಜೇಮ್ಸ್ ಲಿಂಡ್, ಸ್ಕರ್ವಿ ರೋಗದಿಂದ ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆಬೇರೆ ಪಥ್ಯ ಕೊಟ್ಟು ನೋಡಿದಾಗ, ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಆ ಹಣ್ಣುಗಳೊಳಗಿನ ಸತ್ವ ಯಾವುದೆಂದು ತಿಳಿಯಲು ಸುಮಾರು ಎರಡು ಶತಮಾನ ಬೇಕಾಯಿತು. ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಅದನ್ನು ತಮ್ಮ ನಾಡಿನ ಕೆಂಪು ಮೆಣಸಿನಕಾಯಿಯಿಂದ, ಅಂದರೆ ನಮ್ಮ ಬ್ಯಾಡಗಿಯ ದೂರದ ಬಂಧುವಿನಿಂದ, ಹೇರಳವಾಗಿ ಬೇರ್ಪಡಿಸಿದರು. 1937ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನು ಈ ಜೀವಸತ್ವವಿಲ್ಲದೆ ಸರಿಯಾಗಿ ಹೆಣೆದುಕೊಳ್ಳಲಾರದು. ಸ್ಕರ್ವಿಯಲ್ಲಿ ಹಳೆಯ ಗಾಯಗಳೂ ಮತ್ತೆ ಬಾಯ್ದೆರೆಯುವುದು ಅದಕ್ಕಾಗಿಯೇ. ಬಿಸಿಲಿನ ನೇರಳಾತೀತ ಕಿರಣಗಳು ಚರ್ಮದಲ್ಲಿ ಹುಟ್ಟಿಸುವ ಹಾನಿಕಾರಕ ಅಣುಗಳನ್ನು ಇದು ತಣಿಸುತ್ತದೆ. ಮೆಲನಿನ್ ತಯಾರಾಗುವ ಹಾದಿಯಲ್ಲಿ ಅಡ್ಡ ನಿಂತು ಕಲೆಗಳನ್ನು ತುಸು ತಿಳಿಯಾಗಿಸುತ್ತದೆ.

ತೊಡಕಿರುವುದು ಇದನ್ನು ಹೊರಗಿನಿಂದ ಚರ್ಮದೊಳಕ್ಕೆ ತಲುಪಿಸುವುದರಲ್ಲಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶೆಲ್ಡನ್ ಪಿನ್ನೆಲ್ ಮತ್ತು ಸಂಗಡಿಗರು ಹಂದಿಗಳ ಚರ್ಮದ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶುದ್ಧ ರೂಪವಾದ ಎಲ್-ಆಸ್ಕಾರ್ಬಿಕ್ ಆಮ್ಲ ಒಳಗಿಳಿಯಬೇಕಾದರೆ ದ್ರವದ ಪಿಎಚ್ 3.5ಕ್ಕಿಂತ ಕೆಳಗಿರಬೇಕು. ಶೇಕಡಾ 20ಕ್ಕಿಂತ ಹೆಚ್ಚು ತುಂಬಿದರೆ ಲಾಭ ಹೆಚ್ಚುವುದಿಲ್ಲ. ಒಮ್ಮೆ ಒಳಸೇರಿದ್ದು ಅರ್ಧಕ್ಕಿಳಿಯಲು ಸುಮಾರು 4 ದಿನ ಬೇಕು. ಆದುದರಿಂದ ದಿನಕ್ಕೊಂದು ಸಲ ಹಚ್ಚಿದರೆ ಧಾರಾಳವಾಯಿತು. ಶೇಕಡಾ 30 ಎಂದು ಬರೆದುಕೊಂಡ ಸೀಸೆಗೆ ಹೆಚ್ಚು ಹಣ ತೆರುವುದು ವ್ಯರ್ಥ.

ಇನ್ನೊಂದು ತೊಡಕು, ಈ ಆಮ್ಲ ಗಾಳಿ, ಬೆಳಕು, ಶಾಖ ಮೂರನ್ನೂ ಸಹಿಸದು. ಮೊದಲು ನೀರಿನಂತಿದ್ದದ್ದು ಹಳದಿಯಾಗಿ, ಕೊನೆಗೆ ಚಹಾದ ಬಣ್ಣಕ್ಕೆ ತಿರುಗಿದರೆ ಅದರ ಕಥೆ ಮುಗಿದಂತೆ. ಮುಂಬೈ, ಚೆನ್ನೈಗಳ ಸೆಕೆಯಲ್ಲಿ ಸ್ನಾನದ ಮನೆಯ ಹಲಗೆಯ ಮೇಲಿಟ್ಟ ಸೀಸೆಯ ಆಯುಸ್ಸು ಎಷ್ಟೆಂದು ಊಹಿಸಬಹುದು. ಪಾರದರ್ಶಕ ಗಾಜಿನಲ್ಲಿ ಬಂದದ್ದನ್ನು ಕೊಳ್ಳದಿರಿ. ಕಡುಗಂದು ಸೀಸೆ ಅಥವಾ ಗಾಳಿ ಹೊಗದ ಪಂಪು ಇರಲಿ. ಚಿಕ್ಕ ಸೀಸೆಯನ್ನೇ ಕೊಂಡು, ತೆರೆದ ಎರಡು ಮೂರು ತಿಂಗಳಲ್ಲಿ ಮುಗಿಸಿ.

ಕಡತದ ಅಡಿಟಿಪ್ಪಣಿ ಓದುವ ಅಭ್ಯಾಸವುಳ್ಳ ನನ್ನಂಥವರಿಗೆ ಸೀಸೆಯ ಹಿಂಬದಿಯೇ ಹೆಚ್ಚು ರುಚಿಕರ. ಒಳವಸ್ತುಗಳಲ್ಲಿ ಶೇಕಡಾ 1ಕ್ಕಿಂತ ಹೆಚ್ಚಿರುವುದನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ ಶೇಕಡಾ 1 ಮೀರಿ ಬೆರೆಸುವುದಿಲ್ಲ. ಆಸ್ಕಾರ್ಬಿಕ್ ಆಮ್ಲದ ಹೆಸರು ಅದಕ್ಕಿಂತ ಕೆಳಗಿದ್ದರೆ ಮುಂಬದಿಯ ಕಿತ್ತಳೆ ಬರೀ ಅಲಂಕಾರವೆಂದು ತಿಳಿಯಬಹುದು. ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್, ಆಸ್ಕಾರ್ಬಿಲ್ ಗ್ಲೂಕೋಸೈಡ್ ಮುಂತಾದ ಹೆಸರುಗಳು ಕಂಡರೆ ಅವು ಇದೇ ಜೀವಸತ್ವದ ಸೌಮ್ಯ ರೂಪಗಳು. ಬೇಗ ಕೆಡುವುದಿಲ್ಲ, ಅಷ್ಟಾಗಿ ಉರಿಸುವುದಿಲ್ಲ. ಆದರೆ ಅವುಗಳ ಪರಿಣಾಮಕ್ಕೆ ಇರುವ ಪುರಾವೆ ಶುದ್ಧ ರೂಪಕ್ಕಿರುವಷ್ಟು ಗಟ್ಟಿಯಲ್ಲ. ಸೂಕ್ಷ್ಮ ಚರ್ಮದವರು ಇವುಗಳಿಂದ ಆರಂಭಿಸುವುದು ಮೇಲು.

ಉರಿಯ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಪರಿಚಿತರ ಮಗಳೊಬ್ಬಳು, ಹತ್ತನೆಯ ತರಗತಿಯವಳು, ಕೆಂಪೇರಿದ ಕೆನ್ನೆಯೊಂದಿಗೆ ಕುಳಿತಿದ್ದಳು. ಕೇಳಿದರೆ, "ಉರಿದರೇನೇ ಕೆಲಸ ಮಾಡ್ತಿದೆ ಅಂತ ಅರ್ಥ ಆಂಟಿ" ಎಂದಳು. ನಮ್ಮ ಕಂದು ಚರ್ಮದ ಸ್ವಭಾವ ಇದಕ್ಕೆ ತದ್ವಿರುದ್ಧ. ಉರಿಯೂತವಾದ ಕಡೆಯಲ್ಲೆಲ್ಲ ಅದು ಮೆಲನಿನ್ ಸುರಿದು ತಿಂಗಳುಗಟ್ಟಲೆ ಉಳಿಯುವ ಕಪ್ಪು ಗುರುತನ್ನು ಬಿಡುತ್ತದೆ. ಕಲೆ ತೆಗೆಯಲು ಹಚ್ಚಿದ್ದೇ ಕಲೆಯನ್ನು ತರಬಹುದು. ಹೊಸ ಸೀಸೆಯನ್ನು ಮೊದಲು ಮುಂಗೈಯ ಒಳಬದಿಯಲ್ಲಿ ನಾಲ್ಕಾರು ದಿನ ಹಚ್ಚಿ ನೋಡುವುದು ಅದಕ್ಕಾಗಿ. ನಿಂಬೆಹಣ್ಣನ್ನೇ ಮುಖಕ್ಕೆ ಉಜ್ಜುವ ಮನೆಮದ್ದು ಇನ್ನೂ ಅಪಾಯಕರ. 100 ಗ್ರಾಂ ನಿಂಬೆರಸದಲ್ಲಿ ವಿಟಮಿನ್ ಸಿ ಇರುವುದು ಕೆಲವೇ ಹತ್ತು ಮಿಲಿಗ್ರಾಂ; ಉಳಿದ ಹುಳಿಯೆಲ್ಲ ಬಹುತೇಕ ಸಿಟ್ರಿಕ್ ಆಮ್ಲ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಗುಳ್ಳೆ ಏಳಲೂಬಹುದು.

ಆ ಹುಡುಗಿ ಉರಿಯನ್ನು ಸಹಿಸಿಕೊಂಡದ್ದು ಕೊಲಾಜೆನ್ನಿಗಾಗಿ ಅಲ್ಲವೆಂಬುದು ನಮಗೆಲ್ಲ ಗೊತ್ತು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ ಫೇರ್ ಎಂಬ ಪದವನ್ನು ಕಳಚಿ ಗ್ಲೋ ಎಂಬುದನ್ನು ತೊಟ್ಟುಕೊಂಡಿತು. ಕಪ್ಪು ಮೈಬಣ್ಣದವರನ್ನು ಕೀಳಾಗಿ ಚಿತ್ರಿಸಕೂಡದೆಂದು ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ 2014ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಪದಗಳು ಬದಲಾದವು. ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಗ್ಲೋ, ರೇಡಿಯನ್ಸ್, ಬ್ರೈಟನಿಂಗ್ ಎಂಬ ಪದಗಳಲ್ಲಿ ಹಳೆಯ ಅರ್ಥವೇ ಕೇಳಿಸುತ್ತದೆ. ಕಾಂತಿ ಬೇಕೆಂದವರು ಬಹುಮಟ್ಟಿಗೆ ಬಿಳುಪನ್ನೇ ಕೇಳುತ್ತಿರುತ್ತಾರೆ, ಮಾರುವವರೂ ಅದನ್ನು ಬಲ್ಲರು.

ಕನ್ನಡವೂ ಇದರಲ್ಲಿ ನಿರಪರಾಧಿಯಲ್ಲ. ನಮ್ಮ ಹೊರನಾಡ ಬಳಗಗಳ ವಧೂವರರ ಪಟ್ಟಿಗಳಲ್ಲಿ ಈಗಲೂ ಮೈಬಣ್ಣಕ್ಕೊಂದು ಅಂಕಣವಿರುವುದನ್ನು ಕಂಡಿದ್ದೇನೆ. "ಹುಡುಗಿ ಚೆನ್ನಾಗಿದ್ದಾಳೆ, ಬಣ್ಣ ಸ್ವಲ್ಪ ಕಡಿಮೆ" ಎಂಬ ಮಾತು ಎಷ್ಟು ಮನೆಗಳಲ್ಲಿ ಆಡಿಲ್ಲ! ಜೀವವಿಜ್ಞಾನದ ಲೆಕ್ಕದಲ್ಲಿ ಆಕೆಗೆ ಬಣ್ಣ ಹೆಚ್ಚೇ ಇದೆ. ಬಿಸಿಲಿನ ನಾಡಿನಲ್ಲಿ ಚರ್ಮವನ್ನು ಕಾಯುವ ಮೆಲನಿನ್ ಅದು. ಆಸ್ತಿಯನ್ನು ಕೊರತೆಯೆಂದು ಕರೆದು, ಆ ಕೊರತೆಗೆ ಪ್ರತಿ ತಿಂಗಳೂ ಕಂತು ಕಟ್ಟುತ್ತಿದ್ದೇವೆ. ವಿಟಮಿನ್ ಸಿ ಬಂಗನ್ನು, ಮೊಡವೆಯ ಗುರುತನ್ನು ನಿಧಾನವಾಗಿ ತೆಳುವಾಗಿಸಬಲ್ಲದು. ಹುಟ್ಟುಬಣ್ಣವನ್ನು ಅದು ಬದಲಿಸಲಾರದು, ಬದಲಿಸಬೇಕಾದ ಅಗತ್ಯವೂ ಇಲ್ಲ.

ಹಣ ಖರ್ಚು ಮಾಡುವ ಕ್ರಮವನ್ನೂ ನಾವು ತಲೆಕೆಳಗಾಗಿಸಿಕೊಂಡಿದ್ದೇವೆ. ಬಿಸಿಲಿನಿಂದ ಕಲೆ ಮೂಡುವುದನ್ನು ಮೊದಲು ತಡೆಯುವುದು ಸನ್‌ಸ್ಕ್ರೀನ್. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದು, ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದ, ಹೊರಗೇ ಇರುವುದಾದರೆ ಎರಡು ಗಂಟೆಗೊಮ್ಮೆ ಮತ್ತೆ. ಅದಿಲ್ಲದೆ ಸೀರಮ್ ಹಚ್ಚುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಅದಾದ ಮೇಲೂ ಕಿಸೆಯಲ್ಲಿ ಹಣ ಉಳಿದರೆ, ಬೆಳಿಗ್ಗೆ ಮುಖ ತೊಳೆದು ಸೀರಮ್ಮಿನ ಮೂರು ನಾಲ್ಕು ಹನಿ ಹಚ್ಚಿ, ಅದರ ಮೇಲೆ ಸನ್‌ಸ್ಕ್ರೀನ್ ಹಚ್ಚಿ. ಎರಡು ಮೂರು ತಿಂಗಳು ಕಾಯುವ ತಾಳ್ಮೆಯಿರಲಿ. ಕಲೆ ಹರಡುತ್ತಿದ್ದರೆ ಅಂಗಡಿಯವನ ಸಲಹೆ ಬಿಟ್ಟು ಚರ್ಮವೈದ್ಯರನ್ನು ಕಾಣಿ. ಮನೆಯಲ್ಲಿ ಹದಿನೈದರ ಮಗಳಿದ್ದರೆ, ಸೀಸೆ ಕೊಡಿಸುವ ಮುನ್ನ ಅದು ಯಾವುದಕ್ಕೆ ಬೇಕೆಂದು ಒಮ್ಮೆ ಕೇಳಿ. ಮೊಡವೆಯ ಗುರುತಿಗೆ ಎಂದರೆ ಕೊಡಿಸಬಹುದು. ಬೆಳ್ಳಗಾಗಲು ಎಂದರೆ, ಆ ಮಾತು ಅವಳ ಕಿವಿಗೆ ಯಾರಿಂದ ಬಿತ್ತೆಂದು ವಿಚಾರಿಸುವುದು ಹಿರಿಯರಾದ ನಮ್ಮ ಕೆಲಸ.