ಗಲಾಟೆಯ ಹುಡುಗ, ಸುಮ್ಮನಿರುವ ಹುಡುಗಿ
ಕರ್ನಾಟಕದ 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹುಡುಗಿಯರ ಪೈಕಿ ಶೇ 81.11, ಹುಡುಗರ ಪೈಕಿ ಶೇ 65.90ರಷ್ಟು ಮಂದಿ ಪಾಸಾದರು. ‘ಈ ಬಾರಿಯೂ ಬಾಲಕಿಯರದ್ದೇ ಮೇಲುಗೈ’ ಎಂಬ ತಲೆಬರಹ ಓದಿದವರು ನಮ್ಮ ಶಾಲೆ ಹುಡುಗಿಯರಿಗೆ ಒಗ್ಗಿದೆ, ಹುಡುಗರಿಗೆ ಒಗ್ಗಿಲ್ಲ ಎಂದುಕೊಳ್ಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಗೈಡು ಉರು ಹೊಡೆಸುವ, ಪ್ರಶ್ನೆ ಕೇಳಿದರೆ ಗದರುವ ತರಗತಿ ಇಬ್ಬರಿಗೂ ಬೇಸರ ತರುತ್ತದೆ. ಆ ಬೇಸರ ಹೊರಬೀಳುವ ದಾರಿ ಮಾತ್ರ ಬೇರೆ. ಹುಡುಗ ಗಲಾಟೆ ಮಾಡುತ್ತಾನೆ, ಚಕ್ಕರ್ ಹೊಡೆಯುತ್ತಾನೆ, ಕೊನೆಗೆ ಗ್ಯಾರೇಜೋ ಗಾರೆ ಕೆಲಸವೋ ಹಿಡಿಯುತ್ತಾನೆ. ಹುಡುಗಿ ಅರ್ಥವಾಗದ್ದನ್ನೂ ಬಾಯಿಪಾಠ ಮಾಡಿ, ನೋಟ್ಸು ದುಂಡಗೆ ಬರೆದು ಸುಮ್ಮನಿರುತ್ತಾಳೆ. ಹುಡುಗಿಯರು ಹುಟ್ಟಾ ಶ್ರದ್ಧೆಯವರು ಎನ್ನುವವರಿದ್ದಾರೆ. ಸ್ವಲ್ಪ ಇರಬಹುದು. ಆದರೆ ಫೇಲಾದ ಹುಡುಗನಿಗೆ ಬೀದಿ ಇದೆ, ಕೂಲಿ ಇದೆ. ಫೇಲಾದ ಹುಡುಗಿಗೆ ಅನೇಕ ಮನೆಗಳಲ್ಲಿ ಕಾದಿರುವುದು ಒಲೆ ಮತ್ತು ಮದುವೆ ಮಾತು. ಈ ಲೆಕ್ಕ ಅವಳಿಗೆ ಎಂಟನೇ ಕ್ಲಾಸಿನಲ್ಲೇ ಗೊತ್ತಿರುತ್ತದೆ. ಅಂಕ ಬಂತಲ್ಲ, ಇನ್ನೇನು ಚಿಂತೆ ಎಂದು ಕೇಳಬಹುದು. ಅವಳ ತೊಡಕನ್ನು ಮುಚ್ಚಿಡುವುದೇ ಆ ಅಂಕ. ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿಯಂಥ ತೊಂದರೆ ಹುಡುಗಿಯರಲ್ಲಿ ಹೆಚ್ಚಾಗಿ ತಡವಾಗಿ ಪತ್ತೆಯಾಗುವುದಕ್ಕೂ ಇದೊಂದು ಕಾರಣ: ಚಡಪಡಿಸುವ ಹುಡುಗ ಮೇಷ್ಟ್ರ ಕಣ್ಣಿಗೆ ಬೀಳುತ್ತಾನೆ, ಕಿಟಕಿಯಾಚೆ ನೋಡುತ್ತ ಕೂತ ಹುಡುಗಿ ಬೀಳುವುದಿಲ್ಲ. ಹುಡುಗನ ಪಾಡೇನೂ ಹಗುರವಲ್ಲ. ಕಣ್ಣಿಗೆ ಬಿದ್ದವನಿಗೆ ಎಷ್ಟೋ ಸಲ ಸಿಗುವುದು ಬೈಗುಳ, ಇಲ್ಲವೇ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದ ಬೆತ್ತ. ಶಿಕ್ಷಣ ಇಲಾಖೆ ಫೇಲಾದ ಹುಡುಗರ ಪಟ್ಟಿ ಹಿಡಿದು ಕಾರಣ ಹುಡುಕುವಾಗ, ಪಾಸಾದ ಹುಡುಗಿಯರಿಗೆ ಓದಿದ್ದರಲ್ಲಿ ಎಷ್ಟು ಅರ್ಥವಾಗಿದೆ ಎಂಬುದನ್ನೂ ಒಮ್ಮೆ ಕೂತು ಕೇಳಲಿ.