ಅನುಮೋದಿಸುವ ಮೌನ

ಹಿಂಸೆ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಕತ್ತಿ ಮತ್ತು ರಕ್ತ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕೊಡುವ ಲೆಕ್ಕವಾದರೋ ಬಹು ಸೂಕ್ಷ್ಮವಾದುದು. ಸಂಕಲ್ಪಿಸುವುದು, ಸಾಧನ ಕೂಡಿಸುವುದು, ಕಾರ್ಯಕ್ಕೆ ತೊಡಗುವುದು ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಗೆ ಹಿರಿಯರು ಕೊಡುವ ವಿವರಣೆಗಳಲ್ಲಿ ಇದೂ ಒಂದು. ಗಣಿತದ ಮೇಷ್ಟ್ರಾಗಿದ್ದ ನಾನು ಈ ಗುಣಾಕಾರವನ್ನು ಬಸದಿಯ ಪಾಠಶಾಲೆಯ ಮಕ್ಕಳಿಗೆ ಬಹಳ ಉತ್ಸಾಹದಿಂದ ಹೇಳಿಕೊಡುತ್ತಿದ್ದೆ. ಅದರೊಳಗಿನ ‘ಒಪ್ಪುವುದು’ ಎಂಬುದು ನನಗೇ ಅನ್ವಯಿಸುತ್ತದೆಂದು ತಿಳಿದದ್ದು ಒಬ್ಬ ತಾಯಿಯಿಂದ.

ಅವರ ಮಗ ನನ್ನ ಎಂಟನೆಯ ತರಗತಿಯಲ್ಲಿದ್ದ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಬುದ್ಧಿ ಚುರುಕು; ಆದರೆ ನಡಿಗೆ ಓಲಾಡುತ್ತಿತ್ತು, ಮಾತು ತೊದಲುತ್ತಿತ್ತು, ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು. ಅವನ ಊಟದ ಡಬ್ಬಿಯನ್ನು ಕೈಗೆಟುಕದ ಕಡೆ ಇಡುವುದು, ಅವನು ಕುಡಿದ ಲೋಟವನ್ನು ಮೂಗು ಮುಚ್ಚಿಕೊಂಡು ಎತ್ತಿ ತೋರಿಸುವುದು ಕೆಲವರ ನಿತ್ಯದ ವಿನೋದವಾಗಿತ್ತು. ಒಂದು ದಿನ ಅವನು ಕರಿಹಲಗೆಯತ್ತ ಬರುತ್ತಿದ್ದಾಗ ಹಿಂದಿನ ಬೆಂಚಿನವನೊಬ್ಬ ಎದ್ದು ಅವನಂತೆಯೇ ಓಲಾಡಿದ. ತರಗತಿ ನಕ್ಕಿತು. ನಾನೂ ಮುಗುಳ್ನಕ್ಕೆ, ಕ್ಷಣಮಾತ್ರ. ಕೂಡಲೇ “ಸುಮ್ಮನಿರಿ” ಎಂದು ಗದರಿದೆನೆಂಬುದೂ ನಿಜ.

ಮರುವಾರ ತಾಯಿ ಬಂದರು. “ಮೇಷ್ಟ್ರೇ, ಹುಡುಗರು ನಗುವುದನ್ನು ಮನೆಯಲ್ಲಿ ಹೇಳುವುದನ್ನೇ ಅವನು ಬಿಟ್ಟಿದ್ದಾನೆ. ನೀವು ನಕ್ಕಿದ್ದನ್ನು ಮಾತ್ರ ಹೇಳಿದ” ಎಂದರು. ಉತ್ತರ ಹೊಳೆಯಲಿಲ್ಲ.

ದಶಪ್ರಾಣಗಳಲ್ಲಿ ಮನೋಬಲವೂ ಒಂದು ಪ್ರಾಣವೆಂದು ನಾವು ಓದಿದ್ದೇವೆ. ಶಾಲೆಗೆ ಹೋಗಲು ಬೆಳಗ್ಗೆ ಹೆದರಿ ಹೊಟ್ಟೆನೋವೆನ್ನುವ ಮಗುವಿನಲ್ಲಿ ಘಾತವಾಗುತ್ತಿರುವುದು ಆ ಪ್ರಾಣವೇ. ನೀರು ಸೋಸಿ ಕುಡಿಯುವ, ಸೂರ್ಯಾಸ್ತದೊಳಗೆ ಊಟ ಮುಗಿಸುವ ನಮ್ಮ ಮನೆಗಳ ಮಕ್ಕಳೂ ಅಂಥ ಗುಂಪಿನಲ್ಲಿ ನಿಂತು ನಗುತ್ತಾರೆ ಎನ್ನಲು ನನಗೆ ಸಂಕೋಚವಾಗುತ್ತದೆ. ಆದರೂ ಕಂಡದ್ದನ್ನು ಹೇಳಬೇಕು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಎಂಬುದೊಂದುಂಟು. ಅದಕ್ಕೆ ದೃಷ್ಟಾಂತ ಉದ್ದಾಯನ ರಾಜನ ಕಥೆ. ರೋಗಿಷ್ಠ ಮುನಿಯ ವೇಷದಲ್ಲಿ ಪರೀಕ್ಷಿಸಲು ಬಂದ ದೇವನು ಮೈಮೇಲೆ ವಾಂತಿ ಮಾಡಿದಾಗಲೂ ರಾಜ ಅಸಹ್ಯಪಡದೆ ಸೇವೆ ಮಾಡಿದ. ಪ್ರವಚನದಲ್ಲಿ ಇದನ್ನು ಕೇಳಿ ತಲೆದೂಗುವ ನಾವು, ಜೊಲ್ಲು ಸುರಿಸುವ ಮಗುವಿನ ಪಕ್ಕ ನಮ್ಮ ಮಗು ಕೂರುವುದು ಬೇಡವೆಂದು ಶಾಲೆಗೆ ಹೇಳಿಕಳುಹಿಸುತ್ತೇವೆ.

ಇನ್ನೊಂದು ಮಾತು ಇದಕ್ಕಿಂತ ನೋವಿನದು. “ಪೂರ್ವಜನ್ಮದ ಕರ್ಮ, ಅನುಭವಿಸಬೇಕು” ಎಂದು ಆ ತಾಯಿಗೆ ಹೇಳಿದವರು ನಮ್ಮ ಸಮಾಜದ ಹಿರಿಯರೇ. ಶರೀರರಚನೆ ನಾಮಕರ್ಮದ ಉದಯದಿಂದ ಎಂಬುದು ಸಿದ್ಧಾಂತ, ಹೌದು. ನೆಟ್ಟಗೆ ನಡೆಯುವ ನನ್ನ ಕಾಲಿಗೂ ಅದೇ ಕಾರಣ. ಆದರೆ ಪರರಿಗೆ ದುಃಖ, ಶೋಕ, ಆಕ್ರಂದನ ತಂದೊಡ್ಡುವವನಿಗೆ ಅಸಾತಾವೇದನೀಯ ಬಂಧವಾಗುತ್ತದೆಂಬುದೂ ಅದೇ ಸಿದ್ಧಾಂತವಲ್ಲವೇ? ಅಣಕಿಸುವವನ ಕರ್ಮವನ್ನು ಬಿಟ್ಟು ಅಳುವವನ ಕರ್ಮವನ್ನು ಮಾತ್ರ ಎಣಿಸುವುದು ಎಂಥ ಲೆಕ್ಕ! ಕರ್ಮಸಿದ್ಧಾಂತವಿರುವುದು ನನ್ನನ್ನು ನಾನು ಪರೀಕ್ಷಿಸಿಕೊಳ್ಳಲು. ಪರರ ಮಗುವಿನ ಮೇಲೆ ತೀರ್ಪು ಕೊಡಲು ಅಲ್ಲ.

ಕ್ಷಮೆಯ ವಿಷಯದಲ್ಲಿಯೂ ಹೀಗೆಯೇ. ದೂರು ಬಂದೊಡನೆ ಇಬ್ಬರನ್ನೂ ಕರೆದು ಕೈಕುಲುಕಿಸಿ “ಕ್ಷಮಿಸಿಬಿಡಪ್ಪ” ಎನ್ನುವುದು ಶಾಲೆಗಳ ರೂಢಿ. ನಾನೂ ಎಷ್ಟೋ ಬಾರಿ ಮಾಡಿದ್ದೇನೆ. ಉತ್ತಮ ಕ್ಷಮೆ ನೊಂದವನು ತಾನಾಗಿ ಕೊಡುವಂಥದು, ಬಲವಂತದಿಂದ ವಸೂಲು ಮಾಡುವಂಥದಲ್ಲ. ತಪ್ಪನ್ನು ತಪ್ಪೆಂದು ಬಾಯಿಬಿಟ್ಟು ಹೇಳಿಕೊಳ್ಳದೆ ಪ್ರತಿಕ್ರಮಣವೂ ಇಲ್ಲ.

ಆದುದರಿಂದ ನೆರೆಮನೆಯ ತಾಯಿಯೊಬ್ಬಳು ಇಂಥ ದೂರು ಹಿಡಿದು ಶಾಲೆಗೆ ಹೊರಟರೆ, ಶ್ರಾವಕರಾದವರು ಅವಳ ಜೊತೆಗೆ ಹೋಗಬೇಕು. ಒಬ್ಬಳೇ ಹೋದವಳನ್ನು “ಮಕ್ಕಳಾಟ” ಎಂದು ಸಾಗಹಾಕುವುದು ಸುಲಭ. ದಿನಾಂಕ, ಸ್ಥಳ, ನಡೆದ ಸಂಗತಿ ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಪೀಡನೆ ಹೆಚ್ಚಾಗಿ ನಡೆಯುವುದು ಪಾಠದ ಹೊತ್ತಿನಲ್ಲಲ್ಲ. ನಲ್ಲಿಯ ಬಳಿ, ಊಟದ ಸಾಲಿನಲ್ಲಿ, ಶೌಚಾಲಯದ ಹಿಂದೆ. ಅಲ್ಲಿ ಆ ಹೊತ್ತಿನಲ್ಲಿ ಯಾವ ಶಿಕ್ಷಕರಿರುತ್ತಾರೆಂದು ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೆಯ ವಿಧಿಯ ಪ್ರಕಾರ ಅಂಗವಿಕಲರನ್ನು ನಾಲ್ವರೆದುರು ಬೇಕೆಂದೇ ಅವಮಾನಿಸುವುದು ಜೈಲುಶಿಕ್ಷೆಯ ಅಪರಾಧ. ಮಕ್ಕಳನ್ನು ಹೆದರಿಸಲೆಂದು ಇದನ್ನು ಹೇಳುತ್ತಿಲ್ಲ. ‘ಮಕ್ಕಳಾಟ’ ಎನ್ನುವ ದೊಡ್ಡವರ ಕಿವಿಗೆ ಬೀಳಲೆಂದು.

ತಾಯಿ ಬಂದುಹೋದ ಮರುದಿನ ನಾನು ಪಾಠ ಆರಂಭಿಸುವ ಮುನ್ನ ಆ ತರಗತಿಯ ಎದುರು ನಿಂತು, ಅಂದು ನಾನೂ ನಕ್ಕೆ, ಅದು ನನ್ನ ತಪ್ಪು ಎಂದೆ. ಹಿಂದಿನ ಬೆಂಚು ನಿಶ್ಶಬ್ದವಾಯಿತು. ಅವನು ತಲೆಯೆತ್ತಲಿಲ್ಲ, ಪುಸ್ತಕದ ಅಂಚನ್ನು ಬೆರಳಿನಿಂದ ಮಡಚುತ್ತ ಕುಳಿತಿದ್ದ. ಕರಿಹಲಗೆಯ ಬಳಿಗೆ ಅವನು ತಾನಾಗಿ ಎದ್ದುಬರಲು ಮತ್ತೆ ಮೂರು ತಿಂಗಳು ಬೇಕಾಯಿತು.